ಗ್ವಾನ್ ಆಂಟಿಯ ಕಾಗೆ ಕಂಬ

ಪಾರ್ಸಿಪನಿ ಎಂಬ ಅಮೆರಿಕನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಗ್ವಾನ್ ಆಂಟಿಯನ್ನು ನಾನು ಮೊದಲು ಕಂಡದ್ದು ಏಣಿಯ ಮೇಲೆ. ಎಪ್ಪತ್ತು ದಾಟಿದ ಹೆಂಗಸು, ಹಿತ್ತಿಲಿನ ಕಂಬದ ತುದಿಗೆ ಕಟ್ಟಿದ ತಗಡಿನ ಬಟ್ಟಲಿಗೆ ನವಣೆ, ಹಂದಿ ಮಾಂಸದ ಚೂರು ಹಾಕುತ್ತಿದ್ದರು. ಯಾರಿಗೆ ಎಂದು ಕೇಳಿದೆ. "ಕಾಗೆಗೆ. ನಮ್ಮ ಹಿರಿಯನೊಬ್ಬನ ಜೀವ ಉಳಿಸಿದ ಹಕ್ಕಿ. ಮರೆಯಬಾರದು," ಎಂದರು, ತಮ್ಮ ಮುರುಕು ಇಂಗ್ಲಿಷಿನಲ್ಲಿ. ಕಾಗೆಗೆ ಪಿಂಡ ಇಡುವ ಮೈಸೂರಿನವಳು ನಾನು; ಬೇಲಿ ಬಿಟ್ಟು ಕದಲಲಿಲ್ಲ.

ಆಂಟಿ ಚೀನೀಯರು, ಅದರಲ್ಲೂ ಉತ್ತರದ ಹಿಮನಾಡಿನ ಮಂಚು ಜನಾಂಗದವರು. ಮಂಚುಗಳಿಗಿಂತ ಮೊದಲು ಯಾರು? ಜುರ್ಚೆನ್ನರು. ಅವರಿಗಿಂತ ಮೊದಲು? ಮೋಹೆ ಎಂಬ ಬುಡಕಟ್ಟುಗಳು. ಅದಕ್ಕೂ ಹಿಂದೆ ಕಲ್ಲಿನ ಬಾಣದ ಸುಶೆನ್ನರು. ನಾನು ಕೇಳುತ್ತಲೇ ಹೋದೆ, ಆಂಟಿ ಚಹಾ ಸುರಿಯುತ್ತಲೇ ಹೋದರು.

"ಆ ಹಳೆಯ ಕಾಲದವರು ಏನೂ ಬರೆದಿಡಲಿಲ್ಲ. ಪಕ್ಕದ ರಾಜ್ಯದವರು ಬರೆದರು. ಏನಂತ? ನೆಲ ತೋಡಿ ಒಳಗಿರ್ತಾರೆ, ಮೈಗೆ ಹಂದಿ ಕೊಬ್ಬು ಬಳಕೊಳ್ತಾರೆ, ನಾರ್ತಾರೆ! ನಿಮ್ಮ ಬಗ್ಗೆ ನಾನು ಬರೆದರೆ ಇಂಗಿನ ವಾಸನೆ ಬಿಟ್ಟು ಇನ್ನೇನು ಬರೆದೇನು?" ಎಂದು ಆಂಟಿ ನಕ್ಕು, ತಟ್ಟನೆ ಗಂಭೀರರಾದರು. "ಆ ಹಿಮದಲ್ಲಿ ಕೊಬ್ಬು ಬಳಕೊಳ್ಳದಿದ್ದರೆ ನಾನು ಹುಟ್ಟುತ್ತಿದ್ದೆನೇ?"

ನಮ್ಮ ಮಾವನವರ ತಿಥಿಯ ದಿನ ಯಜಮಾನರು ಪಂಚೆಯುಟ್ಟು, ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಪಿಂಡವಿಟ್ಟು ಚಳಿಯಲ್ಲಿ ನಡುಗುತ್ತ ಕಾದರು. ಬಂದದ್ದು ಅಳಿಲು. "ಇಲ್ಲಿನ ಕಾಗೆಗಳಿಗೆ ನನ್ನ ಬಟ್ಟಲೇ ಅಭ್ಯಾಸ," ಎಂದ ಆಂಟಿ, ನಾವು ಬಾಯಿ ಬಿಡುವಷ್ಟರಲ್ಲಿ ಪಿಂಡ ಎತ್ತಿಕೊಂಡು ಏಣಿ ಹತ್ತಿಬಿಟ್ಟರು. ಕಾಗೆಗಳು ಮುತ್ತಿದವು.

"ಅಯ್ಯೋ, ಅಪ್ಪ ಈರುಳ್ಳೀನೂ ಮುಟ್ತಿರ್ಲಿಲ್ವಲ್ಲೇ! ಅದು ಹಂದಿ ಬಟ್ಲು!" ಎಂದು ಯಜಮಾನರು ಕೂಗಿಕೊಂಡರು.

"ಸುಮ್ನಿರಿ. ಬಂದ್ರಲ್ಲ, ಅಷ್ಟು ಸಾಲ್ದಾ?" ಎಂದೆ. ಅವರಿಗೆ ನಗುವೂ ಬಂತು, ಕಣ್ಣೀರೂ ಬಂತು.

ಆಮೇಲೆ ಆಂಟಿಯ ಮಂಡಿ ಕೈಕೊಟ್ಟಿತು. ಮಗ ಮನೆ ಮಾರಿ, ಅವರನ್ನು ಟೆಕ್ಸಸ್ಸಿನ ತನ್ನ ಅಪಾರ್ಟ್‌ಮೆಂಟಿಗೆ ಕರೆದೊಯ್ಯುವುದೆಂದಾಯಿತು. ಅಲ್ಲಿ ಹಿತ್ತಿಲಿಲ್ಲ, ಮಗನಿಗೆ ಈ ಕಾಗೆ ಕಂಬದಲ್ಲಿ ಆಸಕ್ತಿಯೂ ಇಲ್ಲ. ಮಾತು ಮಾತಿಗೆ ನಗುತ್ತಿದ್ದ ಆಂಟಿ ಆ ವಾರವೆಲ್ಲ ಕಂಬವನ್ನೇ ನೋಡುತ್ತ ಕೂತಿದ್ದರು. "ಅಷ್ಟು ಕಾಲದಿಂದ ನಡೆದುಬಂದದ್ದು ನನ್ನ ಮಂಡಿಯಿಂದಾಗಿ ನಿಲ್ಲಬೇಕೇ?" ಎಂದರು. ಕಂಬವನ್ನು ನಮ್ಮ ಹಿತ್ತಿಲಿನಲ್ಲೇ ನೆಡುತ್ತೇವೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಅನ್ನ ಹಾಕಿದರೆ ಸಾಕು. ನಿಮ್ಮ ಮನೆಗೆ ಮಾಂಸ ತರಬೇಡಿ." ನಾವು ಮುಖಾಮುಖಿ ಆಡಿದ ಕಡೆಯ ಮಾತು ಅದೇ.

ಕಳೆದ ಚಳಿಗಾಲದಲ್ಲಿ ಮಗನ ಫೋನ್ ಬಂತು; ಆಂಟಿ ತೀರಿಹೋಗಿದ್ದರು. ಯಜಮಾನರು ಕಾರು ತೆಗೆದುಕೊಂಡು ಹೊರಟರು. ತಿರುಗಿ ಬಂದಾಗ ಕೈಯಲ್ಲಿ ಗ್ಲವ್ಸ್ ಇತ್ತು, ಮೈಯಿಂದ ಆದಷ್ಟು ದೂರ ಹಿಡಿದಿದ್ದ ಒಂದು ಚೀಲವೂ ಇತ್ತು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ, ಮುಖ ಹಿಂಡಿಕೊಂಡು ಏಣಿ ಹತ್ತಿ, ನಮ್ಮ ಹಿತ್ತಿಲಿಗೆ ಬಂದಿದ್ದ ಕಂಬದ ಬಟ್ಟಲಲ್ಲಿ ಹಂದಿ ಮಾಂಸದ ಚೂರುಗಳನ್ನು ಹರಡತೊಡಗಿದರು.

"ರೀ, ಅನ್ನ ಸಾಕು ಅಂದಿದ್ರಲ್ಲ ಆಂಟಿ?" ಎಂದೆ.

"ಅದು ಕಾಗೆಗೆ ಕಣೇ," ಎಂದರು. "ಬರೀ ಅನ್ನಕ್ಕೆ ಆಂಟಿ ಬರ್ತಾರಾ?"