ಮೈಲುತುತ್ತದ ಇನ್ನೊಂದು ಹೆಸರು

ಮದುವೆಯ ಮಾತುಕತೆಯಲ್ಲಿ ನನ್ನ ಅಪ್ಪ ಹಾಕಿದ ಷರತ್ತು ಒಂದೇ: ಹುಡುಗಿ ಮದುವೆಯಾದ ಮೇಲೂ ಓದಿ ಇಂಟರ್ ಸೈನ್ಸ್ ಮುಗಿಸಬೇಕು. ಅತ್ತೆ ಹೂಂ ಅಂದರು. ಅಂದಮೇಲೆ ಮಾತು ತಪ್ಪುವ ಹೆಂಗಸಲ್ಲ. ಆದರೆ ಕಾಲೇಜು ಬಿಟ್ಟರೆ ನನಗೆ ಬೇರೆ ದಾರಿ ಗೊತ್ತಿರಬಾರದು, ಅಷ್ಟೆ. ಅದು ಐವತ್ತರ ದಶಕ. ಮೈಸೂರಿನಿಂದ ಬಂದ ನನ್ನ ಪಾಲಿಗೆ ಮುಂಬಯಿ ಎಂದರೆ ವಿಲೆ ಪಾರ್ಲೆಯ ಬಿಲ್ಡಿಂಗೊಂದರ ಎರಡು ಕೋಣೆ, ಕಿಟಕಿಗೆ ಅಡ್ಡವಾಗಿ ಪಕ್ಕದ ಬಿಲ್ಡಿಂಗಿನ ಗೋಡೆ. ಯಜಮಾನರು ಬೆಳಿಗ್ಗೆ ಲೋಕಲ್ ಹಿಡಿದು ಆಫೀಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಉಳಿದ ಹೊತ್ತೆಲ್ಲ ಅತ್ತೆ ಮತ್ತು ನಾನು.

ನಾನು ಹಾಯಾಗಿ ಉಸಿರಾಡುತ್ತಿದ್ದದ್ದು ಕೆಮಿಸ್ಟ್ರಿ ಲ್ಯಾಬಿನಲ್ಲಿ. ನಗಬೇಡಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಜಾಗವೇ ಹೌದು. ಮನೆಯಲ್ಲಿ ಚಪಾತಿ ಲಟ್ಟಿಸುತ್ತ ಹೆಸರುಗಳನ್ನು ಉರು ಹೊಡೆಯುತ್ತಿದ್ದೆ: ಸಲ್ಫೈಟ್, ಸಲ್ಫೇಟ್, ನೈಟ್ರೈಟ್, ನೈಟ್ರೇಟ್. ಕೊನೆಯಲ್ಲಿ ‘ಏಟ್’ ಬಂದರೆ ಆಕ್ಸಿಜನ್ ಹೆಚ್ಚು, ‘ಐಟ್’ ಬಂದರೆ ಕಡಿಮೆ. ನನ್ನದು ಐಟ್ ಜಾತಿಯ ಸಂಸಾರ ಎಂದುಕೊಂಡು ಒಬ್ಬಳೇ ನಗುವೆ.

“ಅದೇನೇ ಗೊಣಗಾಟ? ಯಾರಿಗೆ ಶಾಪ ಹಾಕ್ತಿದೀಯ?” ಎಂದು ಅತ್ತೆ ಕೇಳುವರು.

ಪರೀಕ್ಷೆ ಹತ್ತಿರವಾದಾಗ ಒಂದು ಮಧ್ಯಾಹ್ನ, ಒಣಗಿದ ಸೀರೆ ಮಡಿಸುತ್ತಿದ್ದ ಅತ್ತೆಯ ಬೆರಳು ನನ್ನ ಸೆರಗಿನ ತೂತಿನೊಳಗೆ ಹೋಯಿತು. ಲ್ಯಾಬಿನಲ್ಲಿ ಆಸಿಡ್ ಸಿಡಿದು ಆದದ್ದು.

“ಬಟ್ಟೆ ಸುಡೋದು ಮೈ ಸುಡಲ್ವೇನೇ? ಬಾ, ಕೂತ್ಕೋ. ಅಲ್ಲಿ ಏನೇನು ಮುಟ್ಟಿಸ್ತಾರೆ, ಒಂದೊಂದೇ ಹೇಳು. ನಾಳೆಯಿಂದ ಹೋಗೋದೋ ಬೇಡವೋ ಆಮೇಲೆ ನೋಡೋಣ.”

ಪ್ರಾಕ್ಟಿಕಲ್ ತಪ್ಪಿದರೆ ಪರೀಕ್ಷೆಯೇ ಇಲ್ಲ, ಒಮ್ಮೆ ನಿಂತರೆ ಮತ್ತೆ ಕಳಿಸುವವರು ಯಾರು? ಇಂಗ್ಲಿಷ್ ಹೆಸರು ಕೇಳಿದರೆ ಹೆದರಿಯಾರು, ನಮ್ಮ ಮಾತಿನಲ್ಲೇ ಹೇಳೋಣವೆಂದು ಜಾಣತನ ಮಾಡಿದೆ. ಸೋಡಿಯಂ ಕ್ಲೋರೈಡ್ ಅಂದರೆ ಉಪ್ಪು. ಸೋಡಿಯಂ ಬೈಕಾರ್ಬೊನೇಟ್ ಅಂದರೆ ಬೋಂಡಕ್ಕೆ ಹಾಕುವ ಸೋಡಾ. ಅಮೋನಿಯಂ ಕ್ಲೋರೈಡ್ ಅಂದರೆ ನವಸಾಗರ ಎಂದದ್ದೇ ಅತ್ತೆಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ ನಿನ್ನ! ನಿಮ್ಮಪ್ಪ ಪಾತ್ರೆಗೆ ಕಲಾಯಿ ಹಾಕೋನ ಹತ್ತಿರ ಬಿಟ್ಟಿದ್ರೆ ಆಗ್ತಿತ್ತಲ್ಲೇ!”

ನಾನೂ ನಕ್ಕೆ. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಗೆದ್ದೆ ಎಂದುಕೊಂಡೆ, ನಾಲಿಗೆಗೆ ಲಗಾಮು ತಪ್ಪಿತು.

“ಇನ್ನೊಂದಿದೆ ಅತ್ತೆ, ಕಾಪರ್ ಸಲ್ಫೇಟ್. ನೀಲಿ ಹರಳು, ನೋಡೋಕೆ ಎಷ್ಟು ಚೆಂದ! ಒಂದು ತಾಮ್ರ, ಒಂದು ಗಂಧಕ, ನಾಲ್ಕು ಆಕ್ಸಿಜನ್. ಅದೇ, ನಮ್ಮ ಮೈಲುತುತ್ತ.”

ಅತ್ತೆಯ ನಗು ನಿಂತಿತು. ಸೀರೆ ತೊಡೆಯ ಮೇಲೇ ಉಳಿಯಿತು.

“ನನ್ನ ತಂಗಿ ಅದನ್ನೇ ಕುಡಿದು ಸತ್ತಳು ಕಣೇ. ಕೊಟ್ಟ ಮನೆಯಲ್ಲಿ.”

ಅವರಿಗೊಬ್ಬಳು ತಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಹಾಳಾದ ಬಾಯಿ! ಕಾಪರ್ ಸಲ್ಫೇಟ್ ಎಂದು ಸುಮ್ಮನಾಗಿದ್ದರೆ ಅದೂ ಒಂದು ಇಂಗ್ಲಿಷ್ ಮಾತಾಗಿ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗಿಬಿಡುತ್ತಿತ್ತು. “ಚಿಟಿಕೆಯಷ್ಟೇ ಕೊಡ್ತಾರೆ ಅತ್ತೆ, ಮೇಷ್ಟ್ರು ಪಕ್ಕದಲ್ಲೇ ಇರ್ತಾರೆ” ಎಂದು ಏನೇನೋ ಒದರಿದೆ. ಅವರು ಕೇಳಿಸಿಕೊಳ್ಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು ಮುಖ ನೋಡಿದರು. ಬೈಯಲಿ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

“ನಿಜ ಹೇಳು ಮಗೂ. ನಿನಗೂ ಇಲ್ಲಿ ಅಷ್ಟು ಕಷ್ಟ ಆಗಿದೆಯಾ?”

ಇಲ್ಲ ಅನ್ನಬೇಕಿತ್ತು. ಎರಡೇ ಅಕ್ಷರ. ಅಂದಿದ್ದರೆ ಅವರು ಕಳಿಸುತ್ತಿದ್ದರು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಬಾಯಿ ತೆರೆದರೆ ಅಳು ಬಂದುಬಿಟ್ಟಿತು. ಅತ್ತೆ ನನ್ನನ್ನು ತಬ್ಬಿಕೊಂಡು ತಾವೂ ಅತ್ತರು.

ಮರುದಿನದಿಂದ ಕಾಲೇಜು ನಿಂತಿತು. ಅಂದಿನಿಂದ ಅತ್ತೆ ನನಗೆ ಒಂದು ಗಟ್ಟಿ ಮಾತೂ ಆಡಲಿಲ್ಲ, ಒಬ್ಬಳನ್ನೇ ಎಲ್ಲೂ ಬಿಡಲೂ ಇಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತಿರುವರು. ನೀರಿನ ಸದ್ದು ಸ್ವಲ್ಪ ನಿಂತರೆ ಸಾಕು, “ಇದೀಯೇನೇ?” ಎಂದು ಕೂಗುವರು. “ಇದೀನಿ ಅತ್ತೆ” ಎನ್ನುವೆ.