ತಗಡಿನ ಗೋಡೆಯಾಚೆ ಅಳತೆ ಹೇಳುತ್ತಿದ್ದ ದನಿ

ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲ್‌ನಲ್ಲಿ ಅದ್ದಿ ಲೇಥಿನ ಟೂಲ್ ಹೋಲ್ಡರ್ ತಿಕ್ಕುತ್ತಿದ್ದೆ. ಕಬ್ಬಿಣ ಕಡೆಯುವ ಟಿಪ್ ಕೂರುವ ಸಣ್ಣ ಗುಳಿಯೊಳಗಿನ ಸುಟ್ಟೆಣ್ಣೆಯ ಕರೆ ಬಿಟ್ಟುಕೊಂಡು ಕಮಟು ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿಯೇ ನಿಂತಿತು. ಬಾಜೂ ಶೆಡ್ಡಿನ ಕಾಕಾನ ಅಂಗಿಯ ವಾಸನೆ ಅದು...

ಹಾವೇರಿಯ ಹೈವೇ ಪಕ್ಕದ ನಮ್ಮ ಎರಡು ಶೆಡ್ಡುಗಳ ನಡುವೆ ಇದ್ದದ್ದು ಒಂದು ತಗಡಿನ ಗೋಡೆ ಮಾತ್ರ. ನಾನು ಟ್ರ್ಯಾಕ್ಟರಿನ ಸಾಮಾನು ಮಾಡುತ್ತಿದ್ದೆ. ಕಾಕಾ ಬ್ಯಾಡಗಿಯ ಖಾರ ಕುಟ್ಟುವ ಮಷೀನುಗಳಿಗೆ ಶಾಫ್ಟು ಕಡೆದು ಕೊಡುತ್ತಿದ್ದ. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಮೊದಲ ದಿನದಿಂದ ಅವನು ಕಾಕಾ, ಅವನ ಹೆಂಡತಿ ಚಿಗವ್ವ. ನಾನು ರಾಣೆಬೆನ್ನೂರಿನಿಂದ ಮೊದಲ ಸಲ ಹೋಲ್ಡರ್ ತಂದಾಗ ಕಾಕಾ ಅದನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನ ಉಗುರನ್ನು ಗುಳಿಯೊಳಗೆ ನಿಧಾನವಾಗಿ ಎಳೆದು ನೋಡಿದ್ದ.

"ಗುಳಿ ಚಲೋ ಐತಿ. ಆದ್ರ ಸಣಕಲು ತಂದೀದಿ, ತಮ್ಮಾ. ದಪ್ಪಂದು ತಗೋ, ಮುಂದ ಚಾಚದಂಗ ಗಿಡ್ಡಕ ಕಟ್ಟು. ಚಾಚಿದಷ್ಟೂ ನಡಗತೈತಿ."

ಅವನ ಎಲ್ಲ ಹೋಲ್ಡರ್‌ಗಳ ಸ್ಕ್ರೂ ಬಿಚ್ಚಲೂ ಒಂದೇ ಅಳತೆಯ ಕೀ. ಟಿಪ್ಪಿನ ಮೂತಿ ಸರಿಯಾದ ಎತ್ತರಕ್ಕೆ ಬರಲೆಂದು ಅಡಿಗೆ ಕೊಡುವ ಪಟ್ಟಿಗಳನ್ನು ಆಯಾ ಹೋಲ್ಡರಿಗೇ ತಂತಿಯಿಂದ ಬಿಗಿದಿಟ್ಟಿದ್ದ. ಭಾಳ ಶಿಸ್ತಿನ ಮನುಷ್ಯ ಅಂದುಕೊಂಡಿದ್ದೆ.

ಚಿಗವ್ವ ಮನೆಗೆಲಸ ಮುಗಿಸಿ ಬಂದರೆ ಸಂಜೆಯವರೆಗೂ ಶೆಡ್ಡಿನಲ್ಲೇ ಇರುತ್ತಿದ್ದಳು. ತಗಡಿನಾಚೆ ಮಷೀನು ನಿಲ್ಲುತ್ತಿತ್ತು. ಆಮೇಲೆ ಆಕೆಯ ದನಿ, ಏರಿಳಿತವಿಲ್ಲದೆ, ಪಿಸುಮಾತಿಗಿಂತ ತುಸುವೇ ಮೇಲೆ. "ಮೂವತ್ತು... ಸೊನ್ನಿ... ಎರಡು." ಕಾಕಾ "ಹ್ಞೂಂ" ಅನ್ನುತ್ತಿದ್ದ. ಮತ್ತೆ ಮಷೀನು ಶುರು. ಮೊದಮೊದಲು ಏನೋ ಜಪವಿರಬೇಕು ಅಂದುಕೊಂಡಿದ್ದೆ. ಅಳತೆ ಹೇಳುತ್ತಾಳೆಂದು ಗೊತ್ತಾದ ಮೇಲೂ ಆ ದನಿಗೆ ಯಾಕೋ ಮೈ ಜುಮ್ಮೆನ್ನುತ್ತಿತ್ತು.

ಒಂದು ಮಧ್ಯಾಹ್ನ, ಚಿಗವ್ವ ಬರುವ ಮುಂಚೆ, ಅವನ ಶೆಡ್ಡಿಗೆ ಹೋದೆ. ಕರೆಂಟ್ ಇದ್ದರೂ ದೀಪ ಹಾಕಿರಲಿಲ್ಲ. ಶಟರ್ ಅರ್ಧ ಇಳಿದಿತ್ತು. ಆ ಮಬ್ಬಿನಲ್ಲಿ ಲೇಥ್ ಓಡುತ್ತಿತ್ತು, ಕಾಕಾ ಹಿಡಿಕೆ ತಿರುಗಿಸುತ್ತಿದ್ದ. "ಯಾರದು?" ಅಂದ. "ನಾನ ರೀ ಕಾಕಾ" ಅಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಅವನು ಮಷೀನು ನಿಲ್ಲಿಸಿ, ನಗುತ್ತ, ಒಂದು ಹೋಲ್ಡರ್ ಎತ್ತಿ ಚಾಚಿದ. ನನ್ನತ್ತ ಅಲ್ಲ. ನಾನು ಮೊದಲು ನಿಂತಿದ್ದ ಖಾಲಿ ಜಾಗಕ್ಕೆ... ಅಲ್ಲಿ ಇನ್ನೂ ಯಾರೋ ನಿಂತಿದ್ದಾರೆಂಬಂತೆ ಆ ಕಡೆಗೇ ಮಾತಾಡುತ್ತಿದ್ದ.

ನಾನು ಅವನ ಕಣ್ಣುಗಳನ್ನೇ ನೋಡುತ್ತ ನಿಂತೆ. ಅವನ ಕೈ ಮೆಲ್ಲಗೆ ಕೆಳಗಿಳಿಯಿತು.

"ತಿಳೀತಲ್ಲ ನಿನಗ. ಯಾರ ಮುಂದೂ ಹೇಳಬ್ಯಾಡ. ಹೇಳಿದ್ರ ನಾಳಿಂದ ಒಂದು ಶಾಫ್ಟೂ ಬರೂದಿಲ್ಲ."

ಆಮೇಲೆ ಚಿಗವ್ವನನ್ನು ಹೊರಗೆ ಕರೆದು ಕೇಳಿದೆ. ತನ್ನ ಕಣ್ಣು ಮಂಜಾಗತೊಡಗಿದ ಕೂಡಲೇ ಕಾಕಾ ಆಕೆಗೆ ಶಾಫ್ಟಿನ ದಪ್ಪ ಅಳೆಯುವ ಮೈಕ್ರೋಮೀಟರ್ ಓದುವುದನ್ನು ಕಲಿಸಿದ್ದನಂತೆ. "ಬಸ್ಸಿನ ಬೋರ್ಡ್ ಓದಾಕ ಬರೂದಿಲ್ಲ ನನಗ. ಇದೊಂದ ಓದತೇನಿ" ಅಂದಳು. ಅವರಿಬ್ಬರೂ ಹಾಗೆಯೇ ನಡೆಸಿಕೊಂಡು ಹೋದರು. ತಿರುಗುವ ಕಬ್ಬಿಣದ ಮುಂದೆ ಕಣ್ಣಿಲ್ಲದ ಮನುಷ್ಯ ನಿಂತಿದ್ದಾನೆಂದು ನೆನಪಾದಾಗಲೆಲ್ಲ ನಾನು ನನ್ನ ಮಷೀನು ನಿಲ್ಲಿಸಿ ತಗಡಿನಾಚೆಗೆ ಕಿವಿಗೊಡುತ್ತಿದ್ದೆ.

ಮುಂದೊಂದು ವರ್ಷ ಚಿಗವ್ವ ಜ್ವರ ಬಂದು ಮಲಗಿದವಳು ಏಳಲೇ ಇಲ್ಲ.

ಶೆಡ್ಡು ಇನ್ನು ಮುಚ್ಚಿದ ಹಾಗೆಯೇ ಅಂದುಕೊಂಡೆ. ದಿನಕರ್ಮಗಳು ಮುಗಿದ ಮರುದಿನ ತಗಡಿನಾಚೆ ಮಷೀನು ಓಡಿತು. ನಿಂತಿತು. ನಾನು ನನ್ನ ಕೆಲಸ ಬಿಟ್ಟು ಕಿವಿಗೊಟ್ಟೆ. ಆ ಕಡೆ ಯಾವ ದನಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಕಾ "ಹ್ಞೂಂ" ಅಂದ. ಮಷೀನು ಮತ್ತೆ ಶುರುವಾಯಿತು. ಇನ್ನೊಮ್ಮೆ ನಿಂತಿತು.

"ಕೇಳಸಲಿಲ್ಲ, ಇನ್ನೊಮ್ಮೆ ಹೇಳು."

ಓಡಿ ಹೋಗಿ ನೋಡಿದೆ. ಕಾಕಾ ಒಬ್ಬನೇ ಇದ್ದ. ಮೈಕ್ರೋಮೀಟರ್ ಶಾಫ್ಟನ್ನು ಕಚ್ಚಿ ನಿಂತಿತ್ತು. ಅವನ ಮುಖ ಎಡಕ್ಕೆ, ತುಸು ಕೆಳಕ್ಕೆ ವಾಲಿತ್ತು, ಗಿಡ್ಡ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತರೆ ಆಕೆಯ ಬಾಯಿ ಬರುವಷ್ಟು ಕೆಳಕ್ಕೆ. "ನಾನು ಓದಲೇನ್ರಿ ಕಾಕಾ?" ಅಂದೆ. "ಬ್ಯಾಡ ತಮ್ಮಾ. ಆಕಿ ಹೇಳ್ಯಾಳ" ಅಂದ. ನನ್ನ ಸ್ವಂತ ಮೈಕ್ರೋಮೀಟರ್ ತಂದು ಆ ಶಾಫ್ಟನ್ನು ಅಳೆದೆ. ಬರಬೇಕಾದ ಅಳತೆಯೇ ಬಂದಿತ್ತು. ಆಮೇಲೆಯೂ ಬಹಳ ಸಲ ಅಳೆದೆ. ಬೆರಳಿಗೇ ಗೊತ್ತಾಗುತ್ತದೇನೋ ಅಂತ ನನಗೆ ನಾನೇ ಹೇಳಿಕೊಂಡೆ. ಬ್ಯಾಡಗಿಯಿಂದ ಒಂದು ಶಾಫ್ಟೂ ವಾಪಸ್ ಬರಲಿಲ್ಲ. ನಾನು ಮಾತ್ರ ಅವನ ಎಡಗಡೆ ನಿಲ್ಲುವುದನ್ನು ಬಿಟ್ಟೆ.

ಹೀಗೆಯೇ ಕೆಲವು ತಿಂಗಳು. ಒಂದು ದಿನ ಚಹಾ ತಗೊಂಡು ಹೋಗಿದ್ದೆ. ಶಾಫ್ಟ್ ಕಡೆಯುತ್ತಿದ್ದ ಕಾಕಾ ತಟ್ಟನೆ ಹಿಡಿಕೆ ಬಿಟ್ಟು, ಯಾರಿಗೋ ದಾರಿ ಬಿಡುವವನಂತೆ ಪಕ್ಕಕ್ಕೆ ಸರಿದ. ಮರುಗಳಿಗೆ ಟಿಪ್ ಪಟಾರನೆ ಒಡೆಯಿತು. ಚೂರು ಅವನು ನಿಂತಿದ್ದ ಜಾಗದ ಹಿಂದಿನ ಹೊರಗೋಡೆಯ ತಗಡನ್ನು ತೂತು ಮಾಡಿಕೊಂಡು ಹೋಯಿತು. ನಾನು ಮಷೀನಿನ ಸ್ವಿಚ್ ಬಡಿದು ಆರಿಸಿದೆ. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ.

ಕಾಕಾ ಹೋಲ್ಡರ್ ಬಿಚ್ಚಿ ಒಳಗೆ ಉಗುರಾಡಿಸಿದ. ಟಿಪ್ಪಿನ ಅಡಿಯಲ್ಲಿರುವ ಶಿಮ್ಮು, ಆ ಸಣ್ಣ ಗಟ್ಟಿ ಬಿಲ್ಲೆ, ಒಡೆದು ಎರಡಾಗಿತ್ತು. ಟಿಪ್ಪಿಗೆ ಅಡಿಯಲ್ಲಿ ಆಸರೆಯೇ ಉಳಿದಿರಲಿಲ್ಲ.

"ಟಿಪ್ ತಿರುವಿ ಹಾಕುವಾಗ ಇದನ್ನ ಮುಟ್ಟಿ ನೋಡಬೇಕಿತ್ತು. ನೋಡಲಿಲ್ಲ," ಅಂದ. ಆಮೇಲೆ ಸಣ್ಣಗೆ, "ಆಕಿ ಪಕ್ಕಕ್ಕ ಸರಿ ಅಂದಳು. ಸರದೆ."

ಅವತ್ತು ಸಂಜೆ ಹೊಸರಿತ್ತಿಯಿಂದ ಅವನ ಮಗಳು ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ತಗಡಿನ ತೂತಿನಿಂದ ಬಿಸಿಲು ಒಳಗೆ ಬರುತ್ತಿದ್ದುದನ್ನು ಕಂಡಳು. ಅದರ ಅಂಚಿಗೆ ಬೆರಳಿಟ್ಟು ನೋಡಿದಳು. ಮರುದಿನವೇ ಅಪ್ಪನನ್ನು ಕರೆದೊಯ್ಯಲು ಗಾಡಿ ತಂದಳು.

ಹೋಗುವ ಮುಂಚೆ ಕಾಕಾ ತನ್ನ ಹೋಲ್ಡರ್‌ಗಳನ್ನೆಲ್ಲ ಬಿಚ್ಚಿ, ಗುಳಿಗಳನ್ನು ತಿಕ್ಕಿ, ಸ್ಕ್ರೂಗಳಿಗೆ ಎಣ್ಣೆ ಸವರಿ, ಒಂದೊಂದಾಗಿ ನನ್ನ ಕೈಗೆ ಕೊಟ್ಟ. "ಸ್ಕ್ರೂ ಮೈಮ್ಯಾಲ ಬಿದ್ದು ಬಿಗಿಬ್ಯಾಡ, ಹಿಗ್ಗತಾವು. ಶಿಮ್ಮು ನೋಡಕೋಂತ ಇರು." ನಂತರ ಮಷೀನಿನ ಎಡಗಡೆಗೆ ಮುಖ ಮಾಡಿ, "ನಡಿ ಹೋಗೂಣು" ಅಂದ. ಮಗಳು ತನಗೇ ಹೇಳಿದನೆಂದು ಅವನ ಕೈ ಹಿಡಿದಳು. ಆಕೆ ನಿಂತಿದ್ದದ್ದು ಬಲಗಡೆ.

ಆ ವರ್ಷವೇ ಹೊಸರಿತ್ತಿಯಲ್ಲಿ ಕಾಕಾ ತೀರಿಕೊಂಡ.

ಹೋದ ತಿಂಗಳು ಆ ಮಗಳು ಲೇಥ್ ಮಾರಲು ಬಂದಿದ್ದಳು. ರಾಣೆಬೆನ್ನೂರಿನವರು ಕ್ರೇನ್ ತಂದು ಅದನ್ನು ಲಾರಿಗೆ ಏರಿಸುತ್ತಿದ್ದಾಗ, ಇಷ್ಟು ದಿನ ಒಳಗಿದ್ದ ಮಾತನ್ನು ಕೇಳಿಯೇಬಿಟ್ಟೆ.

"ನಿಮ್ಮ ಮನ್ಯಾಗ ಇದ್ದಾಗೂ ಕಾಕಾ ಚಿಗವ್ವನ ಜೋಡಿ ಮಾತಾಡತಿದ್ದನೇನವ್ವಾ?"

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಲ್ಲಣ್ಣಾ. ‘ನಿಮ್ಮವ್ವ ಒಂದಿನಾನೂ ಈ ಮನಿಗಿ ಬರಲಿಲ್ಲ’ ಅಂತ ಅಪ್ಪ ನನ್ನ ಮುಂದ ಕೊರಗತಿದ್ದ. ಆಕಿ ಮಷೀನ್ ಹತ್ರ ಕಾಯಾಕತ್ತಾಳ, ನನ್ನ ಅಲ್ಲಿ ಬಿಟ್ಟು ಬರ್ರಿ ಅಂತಿದ್ದ. ನಾವು ಬಿಡಲಿಲ್ಲ... ಹೆಂಗ ಬಿಡೋದು?"

ಹೇಗೆ ಬಿಡುವುದು, ನಿಜವೇ. ನಾನೂ ಬಿಡುತ್ತಿರಲಿಲ್ಲ. ಲಾರಿ ಹೈವೇಗೆ ತಿರುಗುವವರೆಗೂ ಇಬ್ಬರೂ ನಿಂತು ನೋಡಿದೆವು. ಅವನಿಲ್ಲ, ಆಕೆಯಿಲ್ಲ, ಈಗ ಮಷೀನೂ ಇಲ್ಲ. ಅದನ್ನು ಕೊಂಡವರು ನನಗೆ ಗೊತ್ತಿದ್ದವರೇ. ಚಲೋ ಓಡಾಕತ್ತೈತಿ, ಒಮ್ಮೆ ಬಂದು ನೋಡಿ ಹೋಗ್ರಿ ಅಂತ ಎರಡು ಸಲ ಫೋನ್ ಮಾಡಿದ್ದಾರೆ. ರಾಣೆಬೆನ್ನೂರಿಗೆ ವಾರಕ್ಕೊಮ್ಮೆ ಹೋಗುತ್ತೇನೆ. ಆ ಮಷೀನು ಇರುವ ಓಣಿಗೆ ಮಾತ್ರ ಇನ್ನೂ ಹೋಗಿಲ್ಲ.