ಸೋಮವಾರದ ರೊಟ್ಟಿ

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಒಂದು ಗೀರಿತ್ತು. ವರ್ಷಾನುಗಟ್ಟಲೆ ಎಳೆ ಎಳೆದು ಚರ್ಮದಲ್ಲಿ ಕೊರೆದುಹೋದ ಗೀರು, ಒಂದು ನೂಲು ಕೂತುಕೊಳ್ಳುವಷ್ಟು ಅಗಲದ್ದು. ಬಲಗೈ ಎಂದು ಬರೆದ ಕೂಡಲೇ ಅನುಮಾನ ಬರುತ್ತದೆ. ಎಡಗೈ ಇದ್ದರೂ ಇರಬಹುದು. ನಾನು ಹೇಳಹೊರಟ ಘಟನೆಯದೂ ಇದೇ ಕಥೆ. ಅದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಹತ್ತು ಜನರ ಮುಂದೆ ಹೇಳಿ ಹೇಳಿ ನಾನೇ ಸೇರಿಸಿದ್ದೆಷ್ಟು ಎಂಬುದು ಬಹಳ ವರ್ಷ ನನಗೆ ಸ್ಪಷ್ಟವಿರಲಿಲ್ಲ. ಇತಿಹಾಸ ಓದಿದವನು ನಾನು. ಒಂದೇ ಸಾಕ್ಷಿಯನ್ನು ನೆಚ್ಚಬಾರದೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು. ಇಲ್ಲಿ ಆ ಒಂದೇ ಸಾಕ್ಷಿ ನಾನೇ.

ಇಳಕಲ್ಲಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ನಾವೆಲ್ಲ ಅವರನ್ನು ಅತ್ತಿ ಎನ್ನುತ್ತಿದ್ದೆವು. ನಮ್ಮಪ್ಪನ ತಂಗಿಯಲ್ಲ, ಓಣಿಗೆಲ್ಲ ಅತ್ತಿ. ಸೀರೆಯ ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಅವರ ಕೆಲಸ. ಗಂಡ ತೀರಿಕೊಂಡ ಮೇಲೆ ಸ್ವಂತ ಮಗ್ಗ ನಿಂತಿತ್ತು. ಅಕ್ಕಪಕ್ಕದ ಮಗ್ಗದವರೆಲ್ಲ ಕೊಂಡಿಗೆ ಇವರನ್ನೇ ಕರೆಯುತ್ತಿದ್ದರು. ಸಾವಿರಾರು ಎಳೆಗಳ ನಡುವೆ ಕೂತು, ಯಾರು ಬಂದು ಏನು ಮಾತಾಡಿಸಿದರೂ ಉತ್ತರ ಕೊಡುತ್ತ, ಒಂದೇ ಒಂದು ಎಳೆಯನ್ನೂ ತಪ್ಪಿಸದೆ ಜೋಡಿಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಯಾವಾಗಲೂ ಒಂದು ಚುಚ್ಚುಮಾತು.

ಎಪ್ಪತ್ತರ ದಶಕದ ಆರಂಭದಲ್ಲಿ ಪಕ್ಕದ ಓಣಿಗೆ ಬೆಂಕಿ ಬಿದ್ದು ನಾಲ್ಕು ಮನೆಗಳು ಮಗ್ಗಸಮೇತ ಸುಟ್ಟವು. ಹಿರಿಯರು ಸಭೆ ಸೇರಿ ಏನು ಮಾಡಬೇಕೆಂದು ವಿಚಾರ ಮಾಡುತ್ತಿರುವಾಗಲೇ ಅತ್ತಿ ಒಂದು ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ರೊಟ್ಟಿ ಎತ್ತಿದರು. ಸಭೆ ಮುಗಿಯುವ ಹೊತ್ತಿಗೆ ಸುಟ್ಟ ಮನೆಯವರ ಊಟ ಆಗಿತ್ತು. ನಮ್ಮ ಸಂಘ ಹುಟ್ಟಿದ್ದು ಹಾಗೆ. ಬರಬರುತ್ತ ಹದಿನೈದು ಇಪ್ಪತ್ತು ಜನ ಸೇರಿಕೊಂಡರು: ನೇಕಾರರು, ಬೀರಪ್ಪನ ಒಕ್ಕಲಿನ ಕುರುಬರ ಇಬ್ಬರು ಅಣ್ಣತಮ್ಮಂದಿರು, ತನ್ನ ಟೆಂಪೋದೊಂದಿಗೆ ಒಬ್ಬ ಡ್ರೈವರ್ ಮಾಮಾ. ಡ್ರೈವರ್ ಮಾಮಾ ರಂಜಾನಿನ ಉಪವಾಸದಲ್ಲೂ ರೊಟ್ಟಿ ತುಂಬಿದ ಗಾಡಿ ಓಡಿಸಿ, 'ವಾಸನೀಗೇ ಅರ್ಧ ಹೊಟ್ಟಿ ತುಂಬತೈತಿ' ಎಂದು ನಗುತ್ತಿದ್ದ. ಯಾರೋ ಸಂಘಕ್ಕೊಂದು ಬೋರ್ಡು ಬರೆಸೋಣ ಎಂದಾಗ ಅತ್ತಿ ಬೇಡವೆಂದರು. "ಮುಳಗಾವ್ರು ಬೋರ್ಡ್ ಓದಿ ಕೈ ಹಿಡಿಯೂದಿಲ್ಲಪಾ" ಎಂದದ್ದು ನನಗೆ ನೆನಪಿದೆ.

ಅವರ ಕಟ್ಟಳೆಗಳು ಕೆಲವೇ, ಆದರೆ ಬಿಗಿ. ಹಳೆಯ ಬಟ್ಟೆ ಕೊಡುವುದಾದರೆ ಒಗೆದು ಕೊಡಬೇಕು, ಹರಿದದ್ದಿದ್ದರೆ ಹೊಲಿದು ಕೊಡಬೇಕು. ಒಮ್ಮೆ ಬಾದಾಮಿಯಲ್ಲಿ ಮಳೆಗೆ ಗುಡ್ಡದ ಬುಡದ ಮನೆಗಳ ಗೋಡೆ ಕುಸಿದಾಗ ನಮ್ಮೂರಿನ ಒಬ್ಬ ಅಂಗಡಿಕಾರರು ಸೀರೆಗಳ ದೊಡ್ಡ ಗಂಟು ಕಳಿಸಿದರು. ಬಿಚ್ಚಿ ನೋಡಿದರೆ ಇಲಿ ಕಡಿದವು, ಬಣ್ಣ ಹಾರಿದವು. ಅತ್ತಿ ಗಂಟನ್ನು ತಲೆಯ ಮೇಲೆ ಹೊತ್ತು ಅಂಗಡಿಗೇ ಹೋದರು. ಗಿರಾಕಿಗಳ ಮುಂದೆ ಒಂದು ಸೀರೆ ಬಿಡಿಸಿ ಬೆಳಕಿಗೆ ಹಿಡಿದು, "ಸಾವಕಾರ್ರ, ಇದನ್ನ ನಿಮ್ಮನಿಯಾಗ ಯಾರು ಉಡತಾರ ಹೇಳ್ರಿ, ಅವರಿಗೇ ಕೊಟ್ಟು ಬರ್ತೇನಿ" ಎಂದರು. ಸಂಜೆಯೊಳಗೆ ಬೇರೆ ಗಂಟು ಬಂತು. ಈ ಪ್ರಸಂಗವನ್ನು ನಾನು ಕಂಡದ್ದಲ್ಲ. ಕಂಡವರು ಮೂವರು, ಮೂವರೂ ಒಂದೇ ರೀತಿ ಹೇಳಿದ್ದರಿಂದ ನಂಬಿದ್ದೇನೆ.

ಇನ್ನೊಂದು ಪದ್ಧತಿಯೆಂದರೆ ರೊಟ್ಟಿ ಹೊಂದಿಸುವುದು. ಎಲ್ಲಿಯಾದರೂ ಆಪತ್ತು ಬಂದ ಸುದ್ದಿ ತಲುಪಿದರೆ ಇಳಕಲ್ಲಿನ ಓಣಿಓಣಿಯಿಂದ, ಕೆಲವೊಮ್ಮೆ ಗುಡೂರಿನಿಂದಲೂ ಖಡಕ್ ರೊಟ್ಟಿಯ ಗಂಟುಗಳು ಅತ್ತಿಯ ಪಡಸಾಲೆಗೆ ಬರುತ್ತಿದ್ದವು. ನೇಕಾರರ ಮನೆಯವು, ಕುರುಬರವು, ಮುಸಲ್ಮಾನರವು, ಊರ ಹೊರಗಿನ ಕೇರಿಯವು. ಕೇರಿಗೆ ಅತ್ತಿ ತಾವೇ ಹೋಗಿ, ಕಟ್ಟೆಯ ಮೇಲೆ ಕೂತು, ನೀರು ಕುಡಿದು, ರೊಟ್ಟಿ ಇಸಿದುಕೊಂಡು ಬರುತ್ತಿದ್ದರು. ಆಮೇಲೆ ಎಲ್ಲ ಗಂಟುಗಳನ್ನೂ ಬಿಚ್ಚಿ, ಒಂದು ಮನೆಯ ಎರಡು ರೊಟ್ಟಿ ಒಂದರ ಮೇಲೊಂದು ಬಾರದ ಹಾಗೆ ಬುಟ್ಟಿಯಲ್ಲಿ ಒಟ್ಟುತ್ತಿದ್ದರು. ಇದು ಜಾತಿ ಮುರಿಯುವ ಉಪಾಯವೆಂದು ಆಗ ತಾನೇ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದ ನಾನು ಪುಳಕಗೊಂಡು ಕೇಳಿದರೆ, ಅತ್ತಿ ಕೊಟ್ಟ ಕಾರಣವೇ ಬೇರೆ. ತೆಳ್ಳಗಿನ ರೊಟ್ಟಿಗಳನ್ನೆಲ್ಲ ಒಂದೇ ಕಡೆ ಇಟ್ಟರೆ ಟೆಂಪೋದ ಕುಲುಕಾಟಕ್ಕೆ ಪುಡಿಯಾಗುತ್ತವಂತೆ, ದಪ್ಪನೆಯವುಗಳ ನಡುವೆ ಇಟ್ಟರೆ ತಡೆಯುತ್ತವಂತೆ. ಅದೇ ನಿಜವಾದ ಕಾರಣವೋ, ನನ್ನಂಥವನಿಂದ ತಪ್ಪಿಸಿಕೊಳ್ಳಲು ಹೇಳಿದ ಮಾತೋ, ಇವತ್ತಿಗೂ ಗೊತ್ತಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣ. ಮೇಲೆ ಖಾನಾಪುರದ ಕಡೆ ಮಳೆ ಹಿಡಿದು ಮಲಪ್ರಭೆ ದಂಡೆ ಮೀರಿತು. ಐಹೊಳೆಯ ಆಚೆ, ಹೊಳೆಯ ಮಗ್ಗುಲಿನ ಒಂದು ಹಳ್ಳಿಗೆ ನೀರು ನುಗ್ಗಿ ಜನರೆಲ್ಲ ದಿನ್ನೆಯ ಮೇಲಿನ ಪಾಳು ಗುಡಿಯಲ್ಲಿ ಕೂತಿದ್ದಾರೆಂದು ಸುದ್ದಿ ಬಂತು. ಒಂದು ಬೆಳಿಗ್ಗೆ ನಾವು ಎಂಟು ಬುಟ್ಟಿ ರೊಟ್ಟಿ, ಎರಡು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿಕೊಂಡು ಹೊರಟೆವು. ಟೆಂಪೋ ಅರ್ಧ ದಾರಿಯವರೆಗೆ ಹೋಯಿತು, ಮುಂದಿನದು ಮೊಳಕಾಲುದ್ದದ ಕೆಸರು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದೆವು. ಅತ್ತಿಗೆ ಆಗ ಅರವತ್ತರ ಹತ್ತಿರ. ಅವರು ಹಿಂದೆ ಬಿದ್ದರು. ನಾವು ಮೊದಲೇ ಗುಡಿ ಮುಟ್ಟಿದೆವು.

ಕಂಬ ಕಂಬದ ಬುಡದಲ್ಲೂ ಒಂದೊಂದು ಸಂಸಾರ. ತೊಯ್ದ ಕೌದಿಗಳು, ಕೋಳಿಗಳು, ಒಂದು ಎಮ್ಮೆಯ ಕರು. ಎರಡು ದಿನದಿಂದ ಹಸಿ ಶೇಂಗಾ ಬಿಟ್ಟರೆ ಏನೂ ತಿಂದಿರಲಿಲ್ಲ ಅವರು. ರೊಟ್ಟಿ ಹಂಚಿದೆವು. ಹಂಚಿ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಗುಡಿಯ ಜಗುಲಿ ಹತ್ತಿ ನಿಂತು ಮಾತಾಡಿದೆ. ಈ ಬುಟ್ಟಿಯಲ್ಲಿ ಎಲ್ಲ ಜಾತಿಯವರ ರೊಟ್ಟಿ ಇವೆ, ಕೇರಿಯದೂ ಇದೆ, ಮಸೀದಿ ಓಣಿಯದೂ ಇದೆ, ಯಾವುದು ಯಾರದೆಂದು ನಮಗೇ ಗೊತ್ತಿಲ್ಲ, ಹಸಿವಿಗೆ ಜಾತಿ ಇಲ್ಲ ಎಂದೆ. ಕಾಲೇಜಿನಲ್ಲಿ ಚಪ್ಪಾಳೆ ಬೀಳುವ ಜಾಗದಲ್ಲಿ ಒಂದು ಕ್ಷಣ ತಡೆದೆ ಕೂಡ.

ಆ ತಡೆದ ಕ್ಷಣದಲ್ಲಿ, ಎದುರಿಗೆ ಕೂತಿದ್ದ ರುಮಾಲಿನ ಹಿರಿಯರೊಬ್ಬರು ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಯ ಮೇಲಿನ ಅರಿವೆಯ ಮೇಲೆ ಹಗುರ ಇಟ್ಟರು. ಸಿಟ್ಟಿನಿಂದಲ್ಲ, ಮರ್ಯಾದೆಯಿಂದಲೇ ಇಟ್ಟರು. ಅವರ ಹಣೆಯ ಮೇಲೂ ವಿಭೂತಿ ಇತ್ತು. ಅವರನ್ನು ನೋಡಿ ಪಕ್ಕದವರು ಇಟ್ಟರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಒಬ್ಬ ತಾಯಿ ಕೂಸಿನ ಕೈಯಿಂದ ತುಂಡನ್ನು ಬಿಡಿಸಿಕೊಂಡಳು, ಕೂಸು ಅಳತೊಡಗಿತು. ನಮ್ಮ ಸಂಘದ ಅಣ್ಣತಮ್ಮಂದಿರಿಬ್ಬರೂ ನೆಲ ನೋಡುತ್ತ ನಿಂತರು. ಆ ಬುಟ್ಟಿಯಲ್ಲಿ ಅವರ ತಾಯಿ ತಟ್ಟಿದ ರೊಟ್ಟಿಯೂ ಇತ್ತು. ಎಂಟು ಬುಟ್ಟಿ ಹೊತ್ತು ಹಿಂದಿರುಗಿದರೆ ಊರಲ್ಲಿ ಏನೆಂದು ಹೇಳುವುದು? ನೀವು ಕೊಟ್ಟದ್ದನ್ನು ಹಸಿದವರೂ ತಿನ್ನಲಿಲ್ಲ ಎಂದೇ? ಆ ಮೇಲೆ ಯಾವ ಕೇರಿ, ಯಾವ ಓಣಿ ನಮಗೆ ಬಾಗಿಲು ತೆರೆದೀತು?

ಅಷ್ಟರಲ್ಲಿ ಅತ್ತಿ ಬಂದರು. ಮೊಳಕಾಲವರೆಗೆ ಕೆಸರು, ಕೈಯಲ್ಲಿ ಒಂದು ಕೋಲು. ಡ್ರೈವರ್ ಮಾಮಾ ಓಡಿಹೋಗಿ ಅವರ ಕಿವಿಯಲ್ಲಿ ಎಲ್ಲ ಹೇಳಿದ. ಅತ್ತಿ ನನ್ನನ್ನು ನೋಡಿ, "ತಮ್ಮಾ, ಹಸದವರ ಮುಂದ ಭಾಷಣ ಮಾಡಬಾರದಂತ ಧಾರವಾಡದಾಗ ಹೇಳಲಿಲ್ಲೇನು ನಿನಗ?" ಎಂದರು. ಅಷ್ಟೇ. ಕಾಲು ಸಹ ತೊಳೆಯದೆ ಹೋಗಿ ಆ ಹಿರಿಯರ ಎದುರಿಗೆ ಕೂತರು.

ಮೊದಲು ಮಳೆಯ ಮಾತು, ಎಮ್ಮೆಯ ಮಾತು. ಯಾರ ಮನೆ ಬಿತ್ತು, ಯಾರದು ನಿಂತಿದೆ ಎಂದೆಲ್ಲ ವಿಚಾರಿಸಿದರು. ರೊಟ್ಟಿಯ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ಬುಟ್ಟಿಯನ್ನು ಅವರ ಕಡೆ ಸರಿಸಿ ಹೇಳಿದರು:

"ಯಜಮಾನ್ರ, ಭಾಳ ನಡದು ಬಂದೇನಿ. ಕೈಕಾಲಾಗ ಬಲ ಇಲ್ಲ. ಇದರಾಗಿಂದ ನಿಮಗ ತಿಳದದ್ದೊಂದು ಆರಿಸಿ ನನಗ ಕೊಡ್ರಿ."

ಹಿರಿಯರು ಅವರ ಹಣೆ ನೋಡಿದರು, ಕೊರಳು ನೋಡಿದರು. "ಇವತ್ತ ಶ್ರಾವಣ ಸೋಮವಾರ ಅಲ್ಲೇನವ್ವಾ? ನೀವು ಹಿಡಿಯೂದಿಲ್ಲೇನು?"

"ಮೂವತ್ತು ವರ್ಷ ಆತರಿ ಹಿಡಿಯಾಕತ್ತಿ. ಒಂದೂ ಬಿಟ್ಟಿಲ್ಲ."

"ಮತ್ತ?"

"ಮತ್ತೇನ್ರಿ. ನೀವು ಕೊಟ್ರ ತಿಂತೇನಿ."

ಆ ವ್ರತದ ಬಿಗಿ ನನಗೆ ಗೊತ್ತಿತ್ತು. ಶ್ರಾವಣದ ಸೋಮವಾರ ಸಂಜೆಯ ಲಿಂಗಪೂಜೆ ಆಗುವವರೆಗೆ ಅತ್ತಿ ನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಜ್ವರದಲ್ಲಿ ಮಲಗಿದಾಗ ಕೂಡ ಗುಳಿಗೆಯನ್ನು ಸಂಜೆಗೆ ಮುಂದೂಡಿದ್ದನ್ನು ನೋಡಿದ್ದೇನೆ. ಆ ಹಿರಿಯರಿಗೂ ಅದು ತಿಳಿದಂತೆ ಕಂಡಿತು. ಆಮೇಲೆ ಬುಟ್ಟಿಯ ನಡುವೆ ಕೈ ಹಾಕಿ, ಮೇಲಿನದಲ್ಲ ಕೆಳಗಿನದಲ್ಲ, ನಡುವಿನ ಒಂದು ರೊಟ್ಟಿ ತೆಗೆದುಕೊಟ್ಟರು. ಅತ್ತಿ ಅದನ್ನು ಹಣೆಗೆ ಒತ್ತಿ, ಹಿಂಡಿ ಹಾಕಿಕೊಂಡು, ಮುರಿದು ತಿನ್ನತೊಡಗಿದರು. ಗುಡಿಯಲ್ಲಿ ಆ ಖಡಕ್ ರೊಟ್ಟಿ ಮುರಿಯುವ ಸದ್ದು, ಅಳುವ ಕೂಸಿನ ಸದ್ದು, ಬೇರೇನೂ ಇಲ್ಲ.

ನಮ್ಮ ಕಡೆ ಊಟಕ್ಕೆ ಕೂತವರನ್ನು ಒಬ್ಬರನ್ನೇ ಬಿಟ್ಟು ನೋಡುತ್ತ ಕೂರುವುದಿಲ್ಲ. ಕೊಟ್ಟವರು ಒಂದು ತುತ್ತಾದರೂ ಜೊತೆಗೆ ಉಣ್ಣಬೇಕು. ರೊಟ್ಟಿ ಈಗ ಕೊಟ್ಟವರು ನಾವಲ್ಲ, ಆ ಹಿರಿಯರು. ಅತ್ತಿ ನಾಲ್ಕು ತುತ್ತು ತಿನ್ನುವವರೆಗೆ ಅವರು ತಡೆದರು. ಆಮೇಲೆ, "ನಿಮ್ಮನ್ನ ಒಬ್ಬರನ್ನ ಉಣಿಸಿದ್ರ ಚಲೋ ಕಾಣೂದಿಲ್ಲವ್ವಾ" ಎಂದು ಅತ್ತಿಯ ಕೈಯ ರೊಟ್ಟಿಯಲ್ಲೇ ಅರ್ಧ ಮುರಿದುಕೊಂಡರು. ಕೂಸಿನ ತಾಯಿ ತುಂಡನ್ನು ತಿರುಗಿ ಕೂಸಿನ ಕೈಗಿಟ್ಟಳು. ಎಂಟೂ ಬುಟ್ಟಿ ಬರಿದಾದವು. ಬರುವಾಗ ಖಾಲಿ ಬುಟ್ಟಿಗಳನ್ನು ಅಣ್ಣತಮ್ಮಂದಿರಿಬ್ಬರೇ ಹೊತ್ತರು. ಯಾರಿಗೂ ಕೊಡಲೊಲ್ಲರು.

ನನ್ನ ನೆನಪು ಇಷ್ಟು. ಈಗ ಅನುಮಾನ.

ಡ್ರೈವರ್ ಮಾಮಾನ ಪ್ರಕಾರ ಅತ್ತಿ ರೊಟ್ಟಿ ತಿಂದದ್ದು ಖರೆ, ಹಿರಿಯರು ಮುರಿದುಕೊಂಡದ್ದೂ ಖರೆ, ಆದರೆ ಸೋಮವಾರದ ಮಾತೇ ಬಂದಿರಲಿಲ್ಲ. ಅವತ್ತು ರವಿವಾರವೆಂದು ಅವನ ವಾದ. ನನ್ನ ಲೆಕ್ಕಕ್ಕೂ ಅದೇ ಹೆಚ್ಚು ಸರಿ. ನಾನು ಬಾಗಲಕೋಟೆಯಲ್ಲಿ ನೌಕರಿ ಮಾಡುತ್ತಿದ್ದೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಪಾಠ. ಶನಿವಾರ ಮಧ್ಯಾಹ್ನ ಊರಿಗೆ ಬಂದರೆ ರವಿವಾರ ಸಂಜೆಯ ಬಸ್ಸಿಗೆ ಹೊರಡುವವನು. ಸೋಮವಾರ ಬೆಳಿಗ್ಗೆ ಕೆಸರಿನಲ್ಲಿ ಬುಟ್ಟಿ ಹೊತ್ತು ನಡೆಯುವುದು ಹೇಗೆ ಸಾಧ್ಯ? ಅತ್ತಿಯನ್ನೇ ಒಮ್ಮೆ ಕೇಳಿದ್ದೆ. ಕೊಂಡಿಯಿಂದ ಕಣ್ಣೆತ್ತದೆ, "ಯಾವ ಸೋಮವಾರಪಾ? ಹಸಿವಾಗಿತ್ತ, ತಿಂದೆ" ಎಂದರು.

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಹುನಗುಂದದ ಕಡೆ ಯಾವುದೋ ಹಳ್ಳಿಯ ಬೆಂಕಿಗೆ ಬಟ್ಟೆ ಹೊಂದಿಸಿ ಕೊಟ್ಟ ಮರುವಾರ, ಎರಡು ದಿನದ ಜ್ವರದಲ್ಲಿ. ಮಣ್ಣು ಮಾಡುವ ದಿನ ಆ ಹೊಳೆದಂಡೆಯ ಹಳ್ಳಿಯಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ನಮ್ಮೂರ ಕೇರಿಯವರೂ ಅವರೊಂದಿಗೇ ಕೂತಿದ್ದರು. ಆಮೇಲಿನ ಸಭೆಯಲ್ಲಿ ನಾನು ಸೋಮವಾರದ ಕಥೆ ಹೇಳಿದೆ. ಜನ ಕಣ್ಣೊರೆಸಿಕೊಂಡರು. ಅಲ್ಲಿಂದ ನನ್ನ ಸಂಕಟ ಶುರುವಾಯಿತು. ಒಂದು ಭಾಷಣ ನೆಟ್ಟಗಾಗಲೆಂದು ಸೋಮವಾರವನ್ನು ನಾನೇ ಹೆಣೆದೆನೇ? ಗುಡಿಯ ಜಗುಲಿ ಹತ್ತಿ ಮಾಡಿದ ತಪ್ಪನ್ನೇ ಅವರ ಸಾವಿನ ಮುಂದೆಯೂ ಮಾಡಿದೆನೇ? ಸೋಮವಾರ ಇಲ್ಲದಿದ್ದರೂ ಅವರು ದೊಡ್ಡವರೇ. ಆದರೆ ಇದ್ದಿದ್ದರೆ, ನನ್ನ ಒಂದು ಬಾಯಿಬಡುಕತನಕ್ಕೆ ಅವರು ತೆತ್ತದ್ದು ಮೂವತ್ತು ವರ್ಷದ ನೇಮ. ಅದನ್ನು ಗೊತ್ತಿಲ್ಲವೆಂದು ತೇಲಿಸಿಬಿಡುವುದು ಸರಿಯಲ್ಲ.

ನಿವೃತ್ತಿಯ ಕಾಗದಪತ್ರಕ್ಕೆಂದು ಕಾಲೇಜಿನ ಕಚೇರಿಯಲ್ಲಿ ನನ್ನ ಹಳೆಯ ಕಡತ ತೆಗೆಸಿದಾಗ, ತಳದಲ್ಲಿ ಒಂದು ರಜೆ ಅರ್ಜಿ ಸಿಕ್ಕಿತು. ಅಕ್ಷರ ನನ್ನದೇ. ಹೊಳೆ ಏರಿ ನಿನ್ನೆಯಿಂದ ಬಸ್ಸು ನಿಂತಿರುವುದರಿಂದಲೂ, ಐಹೊಳೆ ಕಡೆಯ ಸಂತ್ರಸ್ತರಿಗೆ ರೊಟ್ಟಿ ಮುಟ್ಟಿಸಲು ಈ ದಿನ ಹೋಗುತ್ತಿರುವುದರಿಂದಲೂ ಒಂದು ದಿನದ ರಜೆ ಬೇಕೆಂದು ಬರೆದಿದ್ದೆ. ಕೆಳಗೆ ಸಹಿ, ತಾರೀಖು. ವಾರ ಬರೆದಿರಲಿಲ್ಲ. ಇಳಕಲ್ಲಿಗೆ ಬಂದು, ಅಟ್ಟದ ಮೇಲೆ ಅಪ್ಪ ವರ್ಷವರ್ಷದ್ದೂ ಕಟ್ಟಿಟ್ಟಿದ್ದ ಪಂಚಾಂಗಗಳಲ್ಲಿ ಆ ವರ್ಷದ್ದನ್ನು ಹುಡುಕಿ ತೆಗೆದೆ. ಆ ತಾರೀಖಿನ ಎದುರಿಗಿದ್ದದ್ದು ಶ್ರಾವಣ ಮಾಸ, ಸೋಮವಾರ.